ಸೀನನ ಆರ್‌ಎಕ್ಸ್ ಮತ್ತು ಬಸುವಿನ ಫಾರ್ವರ್ಡ್

(ಗುಂಪು: ಡಿಪ್ಲೊಮಾ ಮೆಕ್ಯಾನಿಕಲ್ ಹಳೆ ಬ್ಯಾಚ್, ದಾವಣಗೆರೆ)

ಬಸು: (ಫಾರ್ವರ್ಡ್ ಆಗಿದ್ದು) ಹಳೆ ಟೂ ಸ್ಟ್ರೋಕ್ ಗಾಡಿ ಐಡ್ಲಿಂಗಲ್ಲಿ (ಆಕ್ಸಿಲರೇಟರ್ ಬಿಟ್ಟಾಗ) ನಿಲ್ಲುತ್ತಿಲ್ಲವೇ? ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ!! ಐಡಲ್ ಸ್ಕ್ರೂ ಟೈಟ್ ಮಾಡಿ. ಪೆಟ್ರೋಲಿಗೆ ಎರಡು ಪಟ್ಟು ಆಯಿಲ್ ಹಾಕಿ. ಏರ್ ಫಿಲ್ಟರ್ ಕಿತ್ತು ಬಿಸಾಡಿ, ಇಂಜಿನ್ ಉಸಿರಾಡಲಿ!!

ಬಸು: ಸೀನ, ನಿನಗೇ ಬರೆದ ಹಾಗಿದೆ ನೋಡು

ಸೀನ: ಸ್ಕ್ರೂ ಆಗಲೇ ತಿರುಗಿಸಿ ಆಯ್ತು. ತಣ್ಣಗಿದ್ದಾಗ ಐಡ್ಲಿಂಗ್ ಸರಿಯಾಗಿ ನಿಲ್ಲುತ್ತದೆ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ತಾನೇ ಚೀರುತ್ತದೆ. ಸಡಿಲ ಮಾಡಿದರೆ ಆಫ್. ಸಂಜೆ ಫಿಲ್ಟರ್ ಕೀಳುತ್ತೇನೆ.

ಶಿವಿ: ಕೀಳಬೇಡ

ಶಿವಿ: ಸೀನ, ಕೈ ಮುಗಿಯುತ್ತೇನೆ. ಫಿಲ್ಟರ್ ಮುಟ್ಟಬೇಡ.

ರಾಜ: ಯಾವ ಗಾಡಿ? ಡರ್ಟ್ ಬೈಕ್ ತಗೊಂಡೆ ಅಂದಿದ್ದೆಯಲ್ಲ, ಅದೇನಾ?

ಸೀನ: ಹೂಂ. ಯಮಹಾ ಆರ್‌ಎಕ್ಸ್ 100. ಬಟನ್ ಟೈರ್, ಎತ್ತರದ ಮಡ್‌ಗಾರ್ಡ್, ಹಿಂದೆ ಉದ್ದ ಶಾಕ್. ಕೊಂಡಜ್ಜಿ ಕಡೆ ಮಣ್ಣುದಾರಿಗೆ ಅಂತಲೇ ಮಾಡಿಸಿದ್ದು.

ರಾಜ: ಅದು ಮಣ್ಣು ಮೆತ್ತಿದ ಆರ್‌ಎಕ್ಸ್ ಕಣೋ, ಡರ್ಟ್ ಬೈಕ್ ಅಲ್ಲ 😂 1996ಕ್ಕೇ ನಿಂತುಹೋದ ಗಾಡಿ. ಯೆಜ್ಡಿ ತಗೋ ಅಂದರೆ ಕೇಳಲಿಲ್ಲ.

ಸೀನ: ಮೈಸೂರಿನ ನಿನ್ನ ಯೆಜ್ಡಿ ಫ್ಯಾಕ್ಟರಿ ಬಾಗಿಲು ಹಾಕಿದ್ದೂ ಅದೇ 1996ರಲ್ಲಿ. ಸುಮ್ನಿರು.

ಬಸು: ಶಿವಿ ಮೇಡಂ, ಫಿಲ್ಟರ್ ತೆಗೆದರೆ ಗಾಳಿ ಜಾಸ್ತಿ ಬರುತ್ತದೆ ಅಲ್ವಾ? ಒಳ್ಳೆಯದೇ ತಾನೇ?

ಶಿವಿ: ಗಾಳಿ ಈಗಲೇ ಜಾಸ್ತಿ ಆಗಿದೆ, ಅದೇ ರೋಗ. ಕೇಳು. ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ (ಇಂಜಿನ್ ಸುತ್ತುವ ವೇಗ) ಮೇಲೇ ನೇತಾಡಿದರೆ ಮಿಶ್ರಣ ಲೀನ್ ಆಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಅಂತ ಮೊದಲ ಅನುಮಾನ. ರಿಚ್ ಆಗಿದ್ದರೆ ಇದರ ಉಲ್ಟಾ. ಕೆಳಗೆ ಇಳಿದು ಗೊಳಗೊಳ ಅಂದು ಸಾಯುತ್ತದೆ, ಪ್ಲಗ್ ಒದ್ದೆ ಕರಿ. ಸೀನನದ್ದು ಮೊದಲನೆಯದು. ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ, ಇಲ್ಲವೇ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತು, ಪೈಲಟ್ ಜೆಟ್, ಕಟ್ಟಿದೆ. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದ್ದರೂ ಹೀಗೆ ಆಗುತ್ತದೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಸದ್ದು ಬದಲಾದರೆ ಕೇಬಲ್ ಅಂತ ತಿಳಿದುಕೊಳ್ಳಿ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್‌ಗೆ ಆಯಿಲ್ ಸಿಗುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದರೆ ಬಿಸಿ ಏರುತ್ತದೆ, ಆಯಿಲೂ ಕಡಿಮೆ. ಹಾಗೇ ಓಡಿಸಿದರೆ ಸೀಜ್, ಪಿಸ್ಟನ್ ಸಿಲಿಂಡರಿಗೇ ಕಚ್ಚಿಕೊಳ್ಳುತ್ತದೆ. ಇನ್ನು ಫಿಲ್ಟರ್ ಇಲ್ಲದೆ ಮಣ್ಣುದಾರಿಗೆ ಇಳಿದರೆ ಆ ಧೂಳು ನೇರ ಸಿಲಿಂಡರ್ ಬೋರಿಗೆ. ಆಮೇಲೆ ಬೋರಿಂಗ್, ಹೊಸ ಪಿಸ್ಟನ್, ರಿಂಗ್. ಲೆಕ್ಕ ಹಾಕಿಕೋ.

ಬಸು: ಅದಕ್ಕೇ ಆಯಿಲ್ ಎರಡು ಪಟ್ಟು ಅಂದಿದ್ದಾರೆ. ಸೀಜ್ ಆಗಲ್ಲ.

ಶಿವಿ: 40 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಅಂದರೆ ಲೀಟರಿಗೆ 25 ಎಂಎಲ್. 20ಕ್ಕೆ 1 ಅಂದರೆ 50 ಎಂಎಲ್. ಹೆಚ್ಚಿಗೆ ಹಾಕಿದ 25 ಎಂಎಲ್ ಯಾರ ಜಾಗ ತಿನ್ನುತ್ತದೆ? ಪೆಟ್ರೋಲಿನ ಜಾಗ. ಜೆಟ್ಟಿನಿಂದ ಬರುವ ಹನಿಯಲ್ಲಿ ಪೆಟ್ರೋಲ್ ಇನ್ನೂ ಕಡಿಮೆ. ವ್ಯತ್ಯಾಸ ಸಣ್ಣದೇ, ಆದರೆ ಹೋಗುವುದು ಲೀನ್ ಕಡೆಗೇ. ಜೊತೆಗೆ ಪ್ಲಗ್ ಮಸಿ ಹಿಡಿಯುತ್ತದೆ.

ರಾಜ: ಬಸು, ಇದನ್ನು ನಿನ್ನ ಫಾರ್ವರ್ಡ್ ಗುಂಪಿಗೂ ಕಳಿಸು

ಬಸು: ನಾನೇನು ಬರೆದಿದ್ದಾ? ಬಂದಿದ್ದನ್ನು ಹಾಕಿದೆ.

ಸೀನ: ಪೈಲಟ್ ಜೆಟ್ ಕ್ಲೀನ್ ಮಾಡಿಸಿ ಆಗಿದೆ. ಕಾರ್ಬೊರೇಟರ್ ಪೂರ್ತಿ ಬಿಚ್ಚಿದ್ದಾರೆ.

ಶಿವಿ: ತಂತಿ ತುರುಕಿದ್ದಾರಾ? ತೂತು ದೊಡ್ಡದಾದರೆ ಅದೊಂದು ಹೊಸ ತಲೆನೋವು. ಕ್ಲೀನರ್ ಸ್ಪ್ರೇ, ಆಮೇಲೆ ಗಾಳಿ, ಅಷ್ಟೇ ಸಾಕು. ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಮಾಡಿಡು. ಈಗಿನ ಇ20 ಪೆಟ್ರೋಲಿನಲ್ಲಿರುವ ಎಥೆನಾಲ್ ನೀರು ಹೀರುತ್ತದೆ, ಹಳೆ ರಬ್ಬರಿಗೂ ಆಗುವುದಿಲ್ಲ.

ರಾಜ: ಗಾಳಿ ಲೀಕ್ ಹುಡುಕೋದು ಸುಲಭ. ಗಾಡಿ ಚಾಲೂ ಇಟ್ಟು ಮ್ಯಾನಿಫೋಲ್ಡ್ (ಕಾರ್ಬೊರೇಟರಿಂದ ಇಂಜಿನ್ನಿಗೆ ಹೋಗುವ ದಾರಿ) ಸುತ್ತ ಪೆಟ್ರೋಲ್ ಚಿಮುಕಿಸು. ಸದ್ದು ಬದಲಾದ ಕಡೆ ಲೀಕ್. ನಾವು ಮೊದಲಿಂದ ಹೀಗೇ ನೋಡುತ್ತಿದ್ದದ್ದು.

ಶಿವಿ: ಪಕ್ಕದಲ್ಲೇ ಕೆಂಪಗೆ ಕಾದ ಸೈಲೆನ್ಸರ್ ಇದೆ ರಾಜಣ್ಣ. ಮೊದಲಿಂದ ಸುಟ್ಟುಕೊಳ್ಳದೆ ಇದ್ದದ್ದು ನಿಮ್ಮ ಪುಣ್ಯ. ನೀರಿನ ಸ್ಪ್ರೇ ಬಾಟಲಿ ಸಾಕು. ಬಟ್ಟೆಗೆ ಇಸ್ತ್ರಿ ಹಾಕುವಾಗ ಬಳಸುತ್ತಾರಲ್ಲ, ಅದೇ.

ರಾಜ: ನೀರಿಗೆಲ್ಲ ಗೊತ್ತಾಗಲ್ಲ

ಶಿವಿ: ದೊಡ್ಡ ಬಿರುಕಿದ್ದರೆ ಗೊತ್ತಾಗುತ್ತದೆ. ತೀರಾ ಸಣ್ಣದಾದರೆ ಇಂಜಿನ್ನಿಗೆ ಗಾಳಿ ತುಂಬಿ ಒತ್ತಡ ಇಳಿಯುತ್ತದಾ ಅಂತ ನೋಡಬೇಕು, ಅದು ವರ್ಕ್‌ಶಾಪಿನ ಕೆಲಸ. ಸೀನ, ಅದಕ್ಕೂ ಮೊದಲು ಒಂದು ಕೆಲಸ ಮಾಡು. ಗಾಡಿ ಚೀರುತ್ತಿರುವಾಗ ಚೋಕ್ ಸ್ವಲ್ಪ ಎಳೆ. ಆರ್‌ಪಿಎಂ ಇಳಿದು ಸಮಾಧಾನವಾದರೆ ಲೀನ್ ಅನ್ನುವುದು ಖಾತ್ರಿ.

ಸೀನ: ಇಳಿಯಿತು!! ಮನೆ ಮುಂದೆಯೇ ನೋಡಿದೆ. ವಿದ್ಯಾನಗರಕ್ಕೆಲ್ಲ ಕೇಳಿಸಿರಬೇಕು, ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರು.

ಸೀನ: ಮ್ಯಾನಿಫೋಲ್ಡ್ ರಬ್ಬರಿಗೆ ನೀರು ಹೊಡೆದೆ, ಏನೂ ಬದಲಾಗಲಿಲ್ಲ

ರಾಜ: ನೋಡಿ, ಹೇಳಿದೆನಲ್ಲ. ಎಡಗಡೆ ಮ್ಯಾಗ್ನೆಟ್ ಒಳಗಿನ ಕ್ರ್ಯಾಂಕ್ ಸೀಲ್ ಹೋಗಿದೆ, ಅಲ್ಲಿಂದ ಗಾಳಿ ನುಗ್ಗುತ್ತಿದೆ. ಪುಲ್ಲರ್ ಹಾಕಿ ಮ್ಯಾಗ್ನೆಟ್ ಬಿಚ್ಚಿಸು.

ಶಿವಿ: ಇರಬಹುದು, ಆದರೆ ಅವಸರ ಬೇಡ. ಸೀನ, ಆಯಿಲ್ ಪಂಪ್ ಇದೆಯಾ, ತೆಗೆಸಿದ್ದೀಯಾ? ನೀನು ಟ್ಯಾಂಕಿಗೇ ಆಯಿಲ್ ಬೆರೆಸುತ್ತಿದ್ದೀಯಲ್ಲ.

ಸೀನ: ತೆಗೆಸಿದ್ದೇನೆ. ರೇಸಿನ ಹುಡುಗರೆಲ್ಲ ತೆಗೆಸುತ್ತಾರೆ ಅಂದರು.

ಶಿವಿ: ಪಂಪಿನಿಂದ ಕಾರ್ಬೊರೇಟರ್ ಕಡೆ ಬರುತ್ತಿದ್ದ ಸಣ್ಣ ಪೈಪಿನ ಮೂತಿಗೆ ಏನು ಮಾಡಿದ್ದಾರೆ?

ಸೀನ: ಯಾವ ಮೂತಿ

ಸೀನ: ಒಂದು ನಿಮಿಷ

ಬಸು: ಯಾರಾದರೂ ಮಧ್ಯಾಹ್ನ ಬೆಣ್ಣೆದೋಸೆಗೆ ಬರುತ್ತೀರಾ, ಈ ಗಾಡಿ ಕಥೆ ಮುಗಿಯೋದಿಲ್ಲ

ಸೀನ: ಸಣ್ಣ ರಬ್ಬರ್ ಟೋಪಿ ಇದೆ. ಒಣಗಿ ಸೀಳಿದೆ. ಅಲ್ಲಿಗೆ ನೀರು ಹೊಡೆದ ತಕ್ಷಣ ಇಂಜಿನ್ ತಡವರಿಸಿತು.

ಶಿವಿ: ಹಾ. ಬಿಸಿಗೆ ಸೀಳು ಅಗಲವಾಗುತ್ತದೆ, ಅದಕ್ಕೇ ತಣ್ಣಗಿದ್ದಾಗ ಸರಿ ಅನ್ನಿಸಿದ್ದು. ಪೆಟ್ರೋಲ್ ತಡೆಯುವ ರಬ್ಬರಿನದು ಹಾಕಿ ಕ್ಲಿಪ್ ಬಿಗಿ. ಆಮೇಲೆ ಕಾರ್ಬೊರೇಟರಿನ ಏರ್ ಸ್ಕ್ರೂ ಪೂರ್ತಿ ಒಳಗೆ ಮೆತ್ತಗೆ ತಿರುಗಿಸಿ ಸುಮಾರು ಒಂದೂವರೆ ಸುತ್ತು ಹೊರಗೆ ತಾ. ಐಡಲ್ ಸ್ಕ್ರೂ ಮುಟ್ಟುವುದು ಕೊನೆಗೆ.

ರಾಜ: ಸೀಲ್ ಕೂಡ ಬದಲಿಸಲಿ ಬಿಡಿ, ಮೂವತ್ತು ವರ್ಷದ ಸೀಲ್ ಅದು

ಶಿವಿ: ಅದು ಸರಿಯಾದ ಮಾತು. ಆದರೆ ಇವತ್ತಿನ ಚೀರಾಟಕ್ಕೆ ಅದು ಕಾರಣ ಅಲ್ಲ.

ಬಸು: ಅಂದರೆ ಫಾರ್ವರ್ಡಿನ ಮೂರರಲ್ಲಿ ಒಂದೂ ಸರಿ ಇರಲಿಲ್ಲವಾ?

ರಾಜ: ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ ಅನ್ನುವುದು ಸರಿ. ಶಿವಿ ಫೀಸ್ ಕೇಳಿಲ್ಲ.

ಸೀನ: ಹೊಸ ಟೋಪಿ ಹಾಕಿಸಿದೆ. ಬಿಟ್ಟ ತಕ್ಷಣ ಇಳಿಯುತ್ತದೆ, ಟಪಟಪ ಅಂತ ಐಡ್ಲಿಂಗಲ್ಲಿ ನಿಲ್ಲುತ್ತದೆ. ಹೊಗೆ ಮಾತ್ರ ಸ್ವಲ್ಪ ಜಾಸ್ತಿ ಅನ್ನಿಸುತ್ತಿದೆ.

ಶಿವಿ: ಗೇರ್ ಆಯಿಲ್ ಎಷ್ಟಿದೆ ನೋಡಿ ಬರೆದಿಡು. ವಾರ ಓಡಿಸಿ ಮತ್ತೆ ನೋಡು. ಕಡಿಮೆಯಾಗಿದ್ದರೆ ಬಲಗಡೆ ಕ್ಲಚ್ ಬದಿಯ ಸೀಲ್ ಗೇರ್ ಆಯಿಲ್ ಕುಡಿಯುತ್ತಿದೆ ಅಂತ ಅರ್ಥ. ಆಗ ರಾಜಣ್ಣನ ಮಾತಿನ ಪ್ರಕಾರ ಎರಡೂ ಸೀಲ್ ಒಟ್ಟಿಗೆ ಹಾಕಿಸು.

ರಾಜ: 😎