ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಇರುವ ಯೋಜನೆಯಲ್ಲಿ ಹೆಸರಿಡುವ ರೂಢಿ ಯಾವುದಿರಬೇಕು?

ಪ್ರಶ್ನೆ

ನಮ್ಮ ಯೋಜನೆಯ ಸರ್ವರ್ ಭಾಗ ಪೈಥಾನ್‌ನಲ್ಲಿದೆ, ಬ್ರೌಸರ್ ಭಾಗ ಜಾವಾಸ್ಕ್ರಿಪ್ಟ್‌ನಲ್ಲಿದೆ, ದತ್ತಾಂಶ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ. ಸರ್ವರ್ ತಂಡದವರು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕುವ ಸ್ನೇಕ್ ಕೇಸ್ ಬಳಸುತ್ತಾರೆ. ಬ್ರೌಸರ್ ತಂಡದವರು ಎರಡನೆಯ ಪದದಿಂದ ಮೊದಲಕ್ಷರವನ್ನು ಕ್ಯಾಪಿಟಲ್ ಮಾಡುವ ಕ್ಯಾಮೆಲ್ ಕೇಸ್ ಬಳಸುತ್ತಾರೆ. ಇಬ್ಬರ ನಡುವೆ ಓಡಾಡುವ ಜೇಸನ್‌ನಲ್ಲಿ (ಮಾಹಿತಿಯನ್ನು ಹೆಸರು-ಮೌಲ್ಯಗಳ ಜೋಡಿಯಾಗಿ ಬರೆಯುವ ಪಠ್ಯರೂಪ) ಎರಡೂ ಬೆರೆತು, ಒಂದೇ ಮಾಹಿತಿಗೆ ಎರಡೆರಡು ಕೀಗಳು, ಅಂದರೆ ಹೆಸರುಗಳು, ಹುಟ್ಟಿಕೊಂಡಿವೆ. ಎಲ್ಲೆಡೆ ಒಂದೇ ರೂಢಿಯನ್ನು ಹೇರುವುದು ಸರಿಯೇ?

ಉತ್ತರ 1

ಹೇರಬೇಡಿ. 2001ರಲ್ಲಿ ರೂಪುಗೊಂಡ ಪೈಥಾನ್‌ನ ಪೆಪ್ 8 ಎಂಬ ಶೈಲಿ ಮಾರ್ಗಸೂಚಿಯು ಫಂಕ್ಷನ್‌ಗಳಿಗೆ ಸ್ನೇಕ್ ಕೇಸ್, ಕ್ಲಾಸ್‌ಗಳಿಗೆ ಪ್ರತಿ ಪದವೂ ಕ್ಯಾಪಿಟಲ್‌ನಿಂದ ಶುರುವಾಗುವ ರೂಪ, ಸ್ಥಿರಾಂಕಗಳಿಗೆ ಪೂರ್ತಿ ಕ್ಯಾಪಿಟಲ್ ಎಂದು ಗೊತ್ತುಮಾಡಿರುವುದರಿಂದ, ಓದುವವರಿಗೆ ಹೆಸರಿನ ಆಕಾರದಿಂದಲೇ ಅದು ಏನೆಂದು ತಿಳಿಯುತ್ತದೆ. ಆ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳುವುದೇಕೆ? ಜೇಸನ್‌ಗೆ ಒಂದು ರೂಪವನ್ನು ಆರಿಸಿ, ಪರಿವರ್ತನೆಯನ್ನು ಸರ್ವರ್‌ನ ಹೊಸ್ತಿಲಲ್ಲಿ, ಒಂದೇ ಕಡೆ ಮಾಡಿ.

ಒಂದು ಎಚ್ಚರಿಕೆ ಬೇಕು. ‘ಯೂಸರ್‌ಐಡಿ’ ಎಂಬಲ್ಲಿ ಐ ಮತ್ತು ಡಿ ಎರಡನ್ನೂ ಕ್ಯಾಪಿಟಲ್ ಮಾಡಿದ್ದರೆ, ಸರಳ ಪರಿವರ್ತಕವು ಅದನ್ನು ‘ಯೂಸರ್_ಐ_ಡಿ’ ಎಂದು ಒಡೆದುಹಾಕುತ್ತದೆ. ಆದ್ದರಿಂದ ಸಂಕ್ಷಿಪ್ತ ಪದಗಳಲ್ಲಿಯೂ ಮೊದಲಕ್ಷರವನ್ನಷ್ಟೇ ಕ್ಯಾಪಿಟಲ್ ಮಾಡುವುದು ಕ್ಷೇಮ. (ಬ್ರೌಸರ್‌ಗಳ ‘ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್’ ಎಂಬ ಒಂದೇ ಹೆಸರಿನಲ್ಲಿ ಎಕ್ಸ್‌ಎಂಎಲ್ ಪೂರ್ತಿ ಕ್ಯಾಪಿಟಲ್, ಎಚ್‌ಟಿಟಿಪಿಯಲ್ಲಿ ಎಚ್ ಮಾತ್ರ ಕ್ಯಾಪಿಟಲ್!)

ಉತ್ತರ 2

ಡೇಟಾಬೇಸ್‌ನ ವಿಷಯದಲ್ಲಿ ಆಯ್ಕೆಯೇ ಇಲ್ಲವೆನ್ನಬಹುದು. ಉದ್ಧರಣ ಚಿಹ್ನೆಯಿಲ್ಲದೆ ಬರೆದ ಹೆಸರನ್ನು ಪೋಸ್ಟ್‌ಗ್ರೆಸ್ ಪೂರ್ತಿ ಸಣ್ಣಕ್ಷರಕ್ಕೆ ಇಳಿಸುತ್ತದೆ. ಚಿಹ್ನೆ ಹಾಕಿ ಕ್ಯಾಮೆಲ್ ಕೇಸ್‌ನಲ್ಲಿ ಕಾಲಮ್ ಮಾಡಿಕೊಂಡರೆ, ಮುಂದೆ ಪ್ರತಿ ಕ್ವೆರಿಯಲ್ಲಿಯೂ ಆ ಚಿಹ್ನೆಯನ್ನು ಹೊತ್ತುಕೊಂಡೇ ತಿರುಗಬೇಕು.

ಉತ್ತರ 3

ಆಕಾರದ ಚರ್ಚೆಯಲ್ಲಿ ಅರ್ಥ ಮರೆಯಾಗುತ್ತಿದೆ ಎಂದು ನನಗನಿಸುತ್ತದೆ. ನಮ್ಮಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ‘ಟೈಮ್ಔಟ್’ ಎಂಬ ಕೀ ಇತ್ತು, ಆಕಾರದಲ್ಲಿ ತಕರಾರಿಲ್ಲ. ಪೈಥಾನ್‌ನ ಸ್ಲೀಪ್ ಎಂಬ ಕಾಯಿಸುವ ಫಂಕ್ಷನ್ ಸೆಕೆಂಡುಗಳನ್ನು ಕೇಳುತ್ತದೆ, ಜಾವಾಸ್ಕ್ರಿಪ್ಟ್‌ನ ಸೆಟ್‌ಟೈಮ್ಔಟ್ ಮಿಲಿಸೆಕೆಂಡುಗಳನ್ನು ಕೇಳುತ್ತದೆ. ಸರ್ವರ್ ಕಳುಹಿಸಿದ 30 ಎಂಬ ಸಂಖ್ಯೆಯನ್ನು ಬ್ರೌಸರ್ ಭಾಗವು ನೇರವಾಗಿ ಸೆಟ್‌ಟೈಮ್ಔಟ್‌ಗೆ ಕೊಟ್ಟದ್ದರಿಂದ, ಅರ್ಧ ನಿಮಿಷ ಕಾಯಬೇಕಾದ ವಿನಂತಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ರದ್ದಾಗುತ್ತಿದ್ದವು, ನಾವು ಎರಡು ದಿನ ನೆಟ್‌ವರ್ಕನ್ನು ಶಂಕಿಸುತ್ತಾ ಕುಳಿತೆವು. ಕೀಯನ್ನು ‘ಟೈಮ್ಔಟ್_ಸೆಕೆಂಡ್ಸ್’ ಎಂದು ಬದಲಿಸಿದ ಮೇಲೆ, ಸಾವಿರದಿಂದ ಗುಣಿಸಬೇಕೆಂಬುದನ್ನು ಹೊಸಬರಿಗೂ ಹೇಳಿಕೊಡಬೇಕಾಗಲಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಜೇಸನ್‌ಗೆ ಕ್ಯಾಮೆಲ್ ಕೇಸ್ ಎಂದು ತೀರ್ಮಾನಿಸಿ, ಪರಿವರ್ತನೆಯನ್ನು ಸರ್ವರ್‌ನಲ್ಲಿಯೇ ಇಡುತ್ತೇವೆ. ಹುಡುಕಿ ನೋಡಿದಾಗ ನಮ್ಮಲ್ಲಿಯೂ ಏಕಮಾನವಿಲ್ಲದ ನಾಲ್ಕು ಕೀಗಳು ಸಿಕ್ಕಿದವು. ಹಳೆಯ ಆವೃತ್ತಿಗಳು ಅವುಗಳನ್ನೇ ನಂಬಿಕೊಂಡಿರುವುದರಿಂದ ಸದ್ಯಕ್ಕೆ ಹಳೆಯ, ಹೊಸ ಹೆಸರುಗಳೆರಡನ್ನೂ ಕಳುಹಿಸುತ್ತೇವೆ.