ಮಾವನವರ ನೆಪೋಲಿಯನ್ ಕಪಾಟು: ಏನು ಇಟ್ಟುಕೊಳ್ಳೋದು, ಏನು ಓದೋದು?

ಸಾಧನಕೇರಿಯ ಸೊಸೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಇಂಗ್ಲಿಷ್ ಮಾಸ್ತರಾಗಿದ್ದರು. ಅವರಿಗೆ ನೆಪೋಲಿಯನ್ ಹುಚ್ಚು. ಊಟಕ್ಕೆ ಕೂತಾಗ ತಾಟಿನಲ್ಲೇ, ಅವನು ಕೊನೆಯದಾಗಿ ಸೋತ ವಾಟರ್‌ಲೂ ಯುದ್ಧ ನಡೆಸುತ್ತಿದ್ದರು. ಶೇಂಗಾ ಚಟ್ನಿ ಅಂದರೆ ಬ್ರಿಟಿಷರು. ಗುರೆಳ್ಳು ಚಟ್ನಿ ಅಂದರೆ ಸಂಜೆ ಹೊತ್ತಿಗೆ ಬಂದು ಸೇರಿಕೊಂಡ ಪ್ರಷ್ಯನ್ನರು. ರೊಟ್ಟಿ ಆರಿ ಹೋದರೂ ಯುದ್ಧ ಮುಗಿಯುತ್ತಿರಲಿಲ್ಲ.

ಈಗ ಅವರಿಲ್ಲ. ಮನೆ ರಿಪೇರಿಗೆ ಕಪಾಟು ಖಾಲಿ ಮಾಡಬೇಕು. ಪುಸ್ತಕಗಳ ಹಿಂದೆ ಒಂದು ಕಂಚಿನ ಪದಕ ಸಿಕ್ಕಿತು. ಮೇಲೆ ಕಿರೀಟ, ಮಾಸಿದ ಹಸಿರು-ಕೆಂಪು ಪಟ್ಟಿ. ಕುದುರೆ ಮೇಲೆ ಕೂತ ನೆಪೋಲಿಯನ್‌ನ ಪಿಂಗಾಣಿ ಗೊಂಬೆಯೂ ಇದೆ. ಅದರ ಅಡಿಗೆ ನೀಲಿ ಬಣ್ಣದಲ್ಲಿ 'ಎನ್' ಅಕ್ಷರ, ಅದರ ಮೇಲೊಂದು ಕಿರೀಟ. ಅವನದೇ ಅರಮನೆಯದು ಅಂತ ಮಾವನವರು ಹೇಳುತ್ತಿದ್ದರು. ಜೊತೆಗೆ 1808ರ ದೊಡ್ಡ ನಾಣ್ಯ. ಒಂದು ಕಡೆ ನೆಪೋಲಿಯನ್ ಚಕ್ರವರ್ತಿ ಅಂತಿದೆ, ಇನ್ನೊಂದು ಕಡೆ ಫ್ರೆಂಚ್ ಗಣರಾಜ್ಯ ಅಂತಿದೆ. ಚಕ್ರವರ್ತಿ ಇರುವಲ್ಲಿ ಗಣರಾಜ್ಯ ಎಲ್ಲಿಂದ ಬಂತು, ಇದು ನಕಲಿ ಅಂತ ನಮ್ಮ ಮೈದುನನ ವಾದ.

ಯಾವುದು ಅಸಲಿ? ಪುಸ್ತಕಗಳಲ್ಲಿ ಯಾವುದನ್ನು ಮೊದಲು ಓದಲಿ? ನನಗೂ ಸ್ವಲ್ಪ ಹುಚ್ಚು ಹತ್ತುತ್ತಿದೆ ಅಂತ ಅನುಮಾನ.

ಹಳೆ ನಾಣ್ಯ, ದುರ್ಗದಬೈಲ್

ಅಕ್ಕಾರೆ, ಮೊದಲಿಗೆ ಯಾವುದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಳೆ ಬಣ್ಣದ ಜೊತೆ ಬೆಲೆಯೂ ಹೋಗುತ್ತದೆ.

ನಾಣ್ಯದ ವಿಷಯದಲ್ಲಿ ನಿಮ್ಮ ಮೈದುನರ ವಾದ ನಿಲ್ಲುವುದಿಲ್ಲ. ನೆಪೋಲಿಯನ್ 1804ರಲ್ಲೇ ಚಕ್ರವರ್ತಿಯಾದ. ಆದರೆ 1808ರ ತನಕ ನಾಣ್ಯದ ಹಿಂಬದಿಯಲ್ಲಿ 'ಫ್ರೆಂಚ್ ಗಣರಾಜ್ಯ' ಅಂತಲೇ ಇತ್ತು. 1809ರಿಂದ 'ಫ್ರೆಂಚ್ ಸಾಮ್ರಾಜ್ಯ' ಆಯಿತು. ತಲೆಗೆ ಕಿರೀಟ ಇಟ್ಟುಕೊಂಡು ಜನರ ಕೈಗೆ ಗಣರಾಜ್ಯ ಕೊಟ್ಟಿದ್ದ, ಪಕ್ಕಾ ರಾಜಕಾರಣಿ. ಹಾಗಂತ ನಿಮ್ಮದು ಅಸಲಿ ಅಂತ ನಾನು ಹೇಳಲಾರೆ. ನಕಲು ಮಾಡುವವರಿಗೂ ಇದೆಲ್ಲ ಗೊತ್ತು. ಐದು ಫ್ರಾಂಕಿನ ನಾಣ್ಯ 25 ಗ್ರಾಂ ತೂಗಬೇಕು. ಅಗಲ 37 ಮಿ.ಮೀ., ಬೆಳ್ಳಿ ಶೇ 90. ಅಂಚಿನ ಸುತ್ತ 'ದೇವರು ಫ್ರಾನ್ಸನ್ನು ಕಾಪಾಡುತ್ತಾನೆ' ಅಂತ ಫ್ರೆಂಚಿನಲ್ಲಿ ಇರಬೇಕು. ಪತ್ತಾರರ ಹತ್ತಿರ ತೂಗಿಸಿ. ಸವೆದಿದ್ದರೆ ಸ್ವಲ್ಪ ಕಡಿಮೆ ಬರಬಹುದು, 21 ಬಂದರೆ ಆಸೆ ಬಿಡಿ. ಸಂತೆಯಲ್ಲಿ ಯಾರಾದರೂ ಗಡ್ಡ-ಮೀಸೆಯ ನೆಪೋಲಿಯನ್ ತೋರಿಸಿದರೆ ಅದು ಇವನಲ್ಲ, ಇವನ ತಮ್ಮನ ಮಗ ಮೂರನೇ ನೆಪೋಲಿಯನ್.

ನಿಮ್ಮ ಪದಕ ಮಾಡಿಸಿದವನೂ ಆ ಮೂರನೆಯವನೇ. ಅದರ ಹೆಸರು ಸೇಂಟ್ ಹೆಲೆನಾ ಪದಕ. ಸೋತ ನೆಪೋಲಿಯನ್‌ನನ್ನು ಬ್ರಿಟಿಷರು ಸೆರೆಯಿಟ್ಟ ದ್ವೀಪದ ಹೆಸರು ಅದು. 1792ರಿಂದ 1815ರ ತನಕದ ಯುದ್ಧಗಳಲ್ಲಿ ದುಡಿದು ಇನ್ನೂ ಬದುಕಿದ್ದ ಮುದುಕ ಸಿಪಾಯಿಗಳಿಗೆ 1857ರಲ್ಲಿ ಹಂಚಿದ. ಹಿಂಬದಿ ನೋಡಿ, ಕೊನೆಗೆ 5 ಮೇ 1821 ಅಂತ ಇರುತ್ತದೆ. ನೆಪೋಲಿಯನ್ ಸತ್ತ ದಿನ. ಸುಮಾರು 4 ಲಕ್ಷ ಜನರಿಗೆ ಕೊಟ್ಟಿದ್ದರಿಂದ ಅಪರೂಪದ್ದೇನಲ್ಲ. ನನ್ನ ಪ್ರಕಾರ ಮಾತ್ರ ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಲೇಬೇಕಾದದ್ದು ಇದೇ. ಒಬ್ಬ ಸಿಪಾಯಿ ನಲವತ್ತು ವರ್ಷ ಕಾದು ಎದೆಗೆ ಹಾಕಿಕೊಂಡದ್ದು, ಅಲ್ವಾ?

ಗೊಂಬೆಯ ವಿಷಯ ಹೇಳಿದರೆ ಬೇಜಾರಾಗಬೇಡಿ. ಕಿರೀಟದ 'ಎನ್' ನೆಪೋಲಿಯನ್‌ದಲ್ಲ, ಇಟಲಿಯ ನೇಪಲ್ಸ್‌ದು. ಅಲ್ಲಿನ ರಾಜನ ಪಿಂಗಾಣಿ ಕಾರ್ಖಾನೆಯ ಗುರುತು. ಆಮೇಲೆ ಜರ್ಮನಿಯ ಕಾರ್ಖಾನೆಗಳೂ ಅದನ್ನೇ ಕದ್ದು ಹಾಕಿಕೊಂಡವು. ಇಂಥ ನೆಪೋಲಿಯನ್ ಸಾಮಾನು ಬಹುಪಾಲು ಅವನು ಬಿದ್ದ ಮೇಲೆ ಹುಟ್ಟಿದ್ದು. ಅವನ ಸತ್ತ ಮುಖದ ಅಚ್ಚನ್ನೂ ಬಿಡಲಿಲ್ಲ. ಕೊನೆಗಾಲದ ಡಾಕ್ಟರು 1833ರಲ್ಲಿ ಅದರ ಪ್ರತಿಗಳನ್ನು ಚಂದಾ ಎತ್ತಿ ಮಾರಿದರು.

ನಿವೃತ್ತ ಮಾಸ್ತರ, ಡಂಬಳ

ತಾಯಿ, ನಿಮ್ಮ ಮಾವನವರು ತಾಟಿನಲ್ಲಿ ಶೇಂಗಾ ಚಟ್ನಿ ಮಾಡಿದ ಬ್ರಿಟಿಷರ ಸೇನಾಪತಿ ವೆಲಿಂಗ್ಟನ್ ನಮ್ಮ ಊರಿಗೇ ಬಂದಿದ್ದ. ಆಗ ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಧೋಂಡಿಯಾ ವಾಘನ ಬೆನ್ನು ಹತ್ತಿ 1800ರ ಜೂನ್‌ನಲ್ಲಿ ರಾಣೆಬೆನ್ನೂರು, ಜುಲೈನಲ್ಲಿ ಡಂಬಳದ ಕೋಟೆ ಹಿಡಿದ. ಸೆಪ್ಟೆಂಬರಿನಲ್ಲಿ ಕೋಣಗಲ್ಲಿನ ಹತ್ತಿರ ಧೋಂಡಿಯಾ ಸತ್ತ. ಅವನ ಸಣ್ಣ ಮಗನನ್ನು ವೆಲ್ಲೆಸ್ಲಿಯೇ ಸಾಕಿದ. ಹದಿನೈದು ವರ್ಷಕ್ಕೆ ವಾಟರ್‌ಲೂ. ನಮ್ಮ ಹುಡುಗರಿಗೆ ಯುರೋಪಿನ ಪಾಠ ಹೇಳುವಾಗ ನಾನು ಕೆರೆ ದಂಡೆಯಿಂದಲೇ ಶುರು ಮಾಡುತ್ತಿದ್ದೆ.

ಸುಮ್ನೆ ಓದುವವಳು, ಹಾವೇರಿ

ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಕಪಾಟಿನಲ್ಲಿ ಲಾಸ್ ಕಾಸ್ ಬರೆದದ್ದು ಇದೆಯಾ ನೋಡಿ. ಸೇಂಟ್ ಹೆಲೆನಾದಲ್ಲಿ ಚಕ್ರವರ್ತಿಯ ಮಾತು ಬರೆದುಕೊಂಡವನು. 1816ರಲ್ಲಿ ಬ್ರಿಟಿಷರು ಅವನನ್ನು ದ್ವೀಪದಿಂದ ಹೊರಹಾಕಿ ಬರಹ ಕಿತ್ತುಕೊಂಡರು. ನೆಪೋಲಿಯನ್ ಸತ್ತ ಮೇಲೆ ವಾಪಸ್ ಸಿಕ್ಕಿ 1823ರಲ್ಲಿ ಅಚ್ಚಾಯಿತು. ಪೂರ್ತಿ ನಂಬಬೇಡಿ, ನೆಪೋಲಿಯನ್ ತನ್ನ ಕಥೆಯನ್ನು ತಾನೇ ತಿದ್ದಿ ಹೇಳಿದ್ದಾನೆ. ಅದಾದ ಮೇಲೆ ಫ್ರೆಂಚ್ ಲೇಖಕ ಸ್ತಾಂಧಾಲ್‌ನ 1830ರ 'ಕೆಂಪು ಮತ್ತು ಕಪ್ಪು' ಕಾದಂಬರಿ ಓದಿ. ಅದರಲ್ಲಿ ಕಟ್ಟಿಗೆ ಕೊಯ್ಯುವವನ ಮಗ ಜೂಲಿಯನ್ ಇದೇ ಪುಸ್ತಕ ಓದುತ್ತಾ ಕೂತಿರುತ್ತಾನೆ. ಅಪ್ಪ ಹೊಡೆದ ಏಟಿಗೆ ಪುಸ್ತಕ ಹಳ್ಳಕ್ಕೆ ಬೀಳುತ್ತದೆ. ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ' ಕನ್ನಡದಲ್ಲೇ ಇದೆ, ಓ. ಎಲ್. ನಾಗಭೂಷಣ ಸ್ವಾಮಿ ಅನುವಾದ. ಅಲ್ಲಿ ನೆಪೋಲಿಯನ್ ಬರೀ ಡೊಳ್ಳು ಹೊಟ್ಟೆಯ ಮನುಷ್ಯ. ನನಗೆ ಅದೇ ಜಾಸ್ತಿ ಇಷ್ಟ.

ಧಾರವಾಡದವರಿಗೆ ಇನ್ನೊಂದು. 1824ರಲ್ಲಿ ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆ ಕಾದಂಬರಿಕಾರ ಥ್ಯಾಕರೆಗೆ ಚಿಕ್ಕಪ್ಪ. ಕಾದಂಬರಿಕಾರ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಐದು ವರ್ಷದವನಿದ್ದಾಗ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ ಸೇಂಟ್ ಹೆಲೆನಾದಲ್ಲಿ ತೋಟದಲ್ಲಿ ಓಡಾಡುತ್ತಿದ್ದ ನೆಪೋಲಿಯನ್‌ನನ್ನು ನೋಡಿದ. ದಿನಕ್ಕೆ ಮೂರು ಕುರಿ ತಿನ್ನುತ್ತಾನೆ, ಕೈಗೆ ಸಿಕ್ಕ ಮಕ್ಕಳನ್ನೂ ತಿನ್ನುತ್ತಾನೆ ಅಂತ ಆಳು ಹೆದರಿಸಿದ್ದನಂತೆ. ಮುಂದೆ ಬರೆದ 'ವ್ಯಾನಿಟಿ ಫೇರ್' ಕಾದಂಬರಿಯ ನಡುವೆ ವಾಟರ್‌ಲೂ ಬರುತ್ತದೆ.

ಸಾಧನಕೇರಿಯ ಸೊಸೆ, ಧಾರವಾಡ

ಎಲ್ಲರಿಗೂ ಧನ್ಯವಾದ. ನಾಣ್ಯ 24.8 ಗ್ರಾಂ ಬಂತು, ಅಂಚಿನಲ್ಲಿ ಅಕ್ಷರವೂ ಇದೆ. ಮೈದುನ ಈಗ ಅದನ್ನು ತಾನು ಇಟ್ಟುಕೊಳ್ಳುತ್ತೇನೆ ಅನ್ನುತ್ತಿದ್ದಾನೆ! ಕೊಡುವುದಿಲ್ಲ. ಪದಕ ನನ್ನ ಹತ್ತಿರ ಇರುತ್ತದೆ. ಗೊಂಬೆ ನೇಪಲ್ಸ್‌ದು ಅಂದಿದ್ದಕ್ಕೆ ಅತ್ತೆಯವರು ಒಪ್ಪಿಲ್ಲ, ಶೋಕೇಸಿನಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಲಾಸ್ ಕಾಸ್ ಇಂಗ್ಲಿಷ್‌ನಲ್ಲಿ ನಾಲ್ಕು ಸಂಪುಟ, ಸಿಕ್ಕಿದ್ದು ಒಂದು, ಎರಡು, ನಾಲ್ಕು. ಮೂರನೆಯದನ್ನು ಮಾವನವರ ವಿದ್ಯಾರ್ಥಿಗಳು ಯಾರೋ ಓದಲು ಒಯ್ದಿದ್ದಾರೆ. ಇಲ್ಲಿ ಇದ್ದರೆ ದಯವಿಟ್ಟು ವಾಪಸ್ ಕೊಡಿ. ಯಾವಾಗ ಒಯ್ದಿರಿ ಅಂತ ಕೇಳುವುದಿಲ್ಲ.