ಪದಚರ್ಚೆ: ಆಟದ ‘ಮಾನಾ’ಗೆ ಕನ್ನಡದಲ್ಲಿ ಏನನ್ನೋಣ?

ಫ್ಯಾಂಟಸಿ ಆಟವೊಂದರ ಅನುವಾದ, ಪದಪಟ್ಟಿ ನಾಳೆಯೇ ಹೋಗಬೇಕು. ಮಂತ್ರ ಹಾಕಿದಂತೆಲ್ಲ ಇಳಿಯುವ ನೀಲಿ ಪಟ್ಟಿಯೇ ‘ಮಾನಾ’. ಹಾಗೇ ಬಿಟ್ಟರೆ ‘ನಿಮ್ಮ ಮಾನಾ ಖಾಲಿಯಾಗಿದೆ’ ಎಂದು ಬರುತ್ತದೆ, ಓದಿದವರು ನಗುತ್ತಾರೆ. ‘ಶಕ್ತಿ’ ತೋಳ್ಬಲಕ್ಕೂ ‘ಜೀವ’ ಕೆಂಪು ಪಟ್ಟಿಗೂ ಹೋಗಿವೆ. ಚಿಕ್ಕ ಪದ ಬೇಕು.

> ಮಾನಾ ನಮ್ಮ ‘ಮನಸ್’ ಅಲ್ಲವೇ? ‘ಮನೋಬಲ’ ಎನ್ನಿ. ಹೋದದ್ದು ಮನೆಗೆ ಬಂತು.

ಅಲ್ಲ. ದನಿ ಹೋಲಿದ ಮಾತ್ರಕ್ಕೆ ನೆಂಟಸ್ತನ ಹೂಡಬೇಡಿ. ಅದು ಪೆಸಿಫಿಕ್ ದ್ವೀಪಗಳ ಮಾತು. ಇಂಗ್ಲಿಷ್ ಪಾದ್ರಿ ಕಾಡ್ರಿಂಗ್ಟನ್ 1891ರ ತಮ್ಮ ಪುಸ್ತಕದಲ್ಲಿ ಮೆಲನೇಷ್ಯದ ಮಾನಾ, ಅಂದರೆ ಅಲೌಕಿಕ ಶಕ್ತಿಯನ್ನು ವಿವರಿಸಿದ್ದಾರೆ. ಬಳಸಿದರೆ ಬತ್ತುವ ಸರಕು ಎಂಬ ಕಲ್ಪನೆ ಅಮೆರಿಕದ ಲೇಖಕ ಲ್ಯಾರಿ ನಿವೆನ್ನರ 1969ರ ಕತೆಯಲ್ಲಿದೆ. ಅಲ್ಲಿ ಬತ್ತುವುದು ಆ ಜಾಗದ ಮಾನಾ, ಮಂತ್ರವಾದಿಯದಲ್ಲ. ಆಟಗಳು ಅದನ್ನು ಪಾತ್ರದ ಮೈಗೆ ತಂದವು. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟ ಬೇರೆ ದಾರಿ ಹಿಡಿಯಿತು: ಫ್ಯಾಂಟಸಿ ಲೇಖಕ ಜ್ಯಾಕ್ ವ್ಯಾನ್ಸ್ ಕತೆಗಳ ಹಾಗೆ, ಬಾಯಿಪಾಠ ಮಾಡಿದ ಮಂತ್ರ ಹಾಕಿದೊಡನೆ ಮರೆತುಹೋಗುತ್ತದೆ. ಅಂಥ ಆಟವಾಗಿದ್ದರೆ ಎಷ್ಟು ಸಲ ಎಂದು ಎಣಿಸಬೇಕಿತ್ತು. ನಿಮ್ಮದು ಇಳಿಯುವ ಪಟ್ಟಿ, ‘ಮಂತ್ರಬಲ’ ಸಾಕು.

> ಮಂತ್ರವೂ ಸಂಸ್ಕೃತ, ಬಲವೂ ಸಂಸ್ಕೃತ. ‘ಮಾಟಗಸುವು’ ಇರುವಾಗ ಎರವಲು ಏಕೆ?

ಮಾಟ ಎಂದರೆ ಮಾಟ-ಮದ್ದು. ಗಾಯ ವಾಸಿಮಾಡುವ ಪಾತ್ರಕ್ಕೆ ಅದನ್ನು ಕಟ್ಟುತ್ತೀರಾ? ‘ಕಸುವು’ ಅಷ್ಟೇ ಇಟ್ಟುಕೊಳ್ಳಿ. ಕನ್ನಡದ್ದು ಎಂದಲ್ಲ, ಒತ್ತಕ್ಷರ ಇಲ್ಲವೆಂದು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಪಟ್ಟಿಯಲ್ಲಿ ‘ತ್ರ’ದ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಅಂಕಿಯನ್ನು ವಾಕ್ಯದೊಳಗೆ ತುರುಕದೆ ‘ಕಸುವು: 12’ ಎಂದು ಕೊಡಿ, ವಿಭಕ್ತಿಯ ತಂಟೆ ಇರದು.

ಕಸುವು ಹಾಕಿದೆ, ಉಪಕಾರ. ಇನ್ನೊಂದು: ಅದೇ ಪದಪಟ್ಟಿಯಲ್ಲಿ ‘ರಾಕ್ಷಸ’ ಇದೆ. ಹುಲಿತಲೆ, ಅಂಗೈ ಹಿಂದುಮುಂದು. ಆರ್ಕ್ ಎಂಬ ಕಾದಾಡುವ ವಿಕಾರ ಜೀವಿಗೂ ರಾಕ್ಷಸ ಎಂದರೆ ಎರಡೂ ಒಂದೇ ಆಗುತ್ತವೆ.

ಆರ್ಕ್ ಅನ್ನು ಆರ್ಕ್ ಎಂದೇ ಬಿಡಿ. ಹಳೆಯ ಇಂಗ್ಲಿಷಿನ ಪದ, ಯಾರ ಸ್ವತ್ತೂ ಅಲ್ಲ. ಟೋಲ್ಕಿನ್ ಕತೆಗಳ ಕುಳ್ಳರ ಹೆಸರು ‘ಹಾಬಿಟ್’ ಮಾತ್ರ ಬೇಡ: ಹಕ್ಕುದಾರರ ತಕರಾರಿನ ಮೇಲೆ ಡಂಜನ್ಸ್‌ನವರೇ ಅದನ್ನು ‘ಹಾಫ್ಲಿಂಗ್’ ಮಾಡಿಕೊಂಡರು. ಹುಲಿತಲೆಯದಕ್ಕೆ ‘ಹುಲಿರಕ್ಕಸ’.

> ರಾಕ್ಷಸನನ್ನು ಆ ಇಂಗ್ಲಿಷ್ ಆಟದವರು ಒಯ್ದು ಹುಲಿತಲೆ ಅಂಟಿಸಬಹುದು, ನಾವು ‘ಮಂತ್ರ’ ಮುಟ್ಟಿದರೆ ಮೈಲಿಗೆಯೋ?

ಮೈಲಿಗೆ ಎಂದವರಾರು? ‘ರಕ್ಕಸ’ ತದ್ಭವ, ನಡೆಯುತ್ತದೆ. ನಿಮ್ಮ ‘ಮನೋಬಲ’ ನಡೆಯುವುದಿಲ್ಲ.